ಲವಣದ ಸುಳ್ಳಿಗೆ ಪಾನ್ ಅಂಗಡಿಯ ಸುಣ್ಣ

"ಮೇಷ್ಟ್ರೇ, ಇದೆಲ್ಲ ಬಣ್ಣದ ಆಟ. ಲವಣ ಯಾವುದು ಅಂತ ಹೇಗೆ ಹೇಳ್ತೀರಿ?" ಎಂದು ಸಹೋದ್ಯೋಗಿಯೊಬ್ಬರು ನಕ್ಕು 2 ವರ್ಷ ಆಯ್ತು. ಕಳೆದ ತಿಂಗಳು ನಮ್ಮ ಹುಡುಗರು ಹೆಸರಿಲ್ಲದ 12 ಪೊಟ್ಟಣಗಳಲ್ಲಿ ಇರುವುದು ಲವಣ ಹೌದೋ ಅಲ್ಲವೋ ಅಂತ 11ಕ್ಕೆ ಸರಿ ಹೇಳಿದರು. ಆ ಸಹೋದ್ಯೋಗಿಯೇ ಕೂತು ಎಣಿಸಿದ್ದು.

ನಮ್ಮದು ಮುಂಬೈಯ ಕನ್ನಡ ರಾತ್ರಿ ಶಾಲೆ. ಹುಡುಗರೆಲ್ಲ ಹಗಲು ಹೋಟೆಲಲ್ಲಿ ದುಡಿಯುವವರು. ಲ್ಯಾಬ್ ಎಂದರೆ ಒಂದು ಕಬ್ಬಿಣದ ಬೀರು. ಜುಲೈ ಮಳೆಯಲ್ಲಿ ತೆಗೆದು ನೋಡಿದರೆ ನೀಲಿ ಲಿಟ್ಮಸ್ ಎಲ್ಲ ಕೆಂಪು! ಪಕ್ಕದಲ್ಲೇ ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿ ಇಟ್ಟಿದ್ದೆ, ತಪ್ಪು ನನ್ನದೇ. ಪ್ರಿನ್ಸೆಸ್ ಸ್ಟ್ರೀಟಿಗೆ ಹೋಗಿ ಮತ್ತೆ ತಂದೆ. ಸುಮಾರು 300 ರೂಪಾಯಿ, ಅದೂ ಕೈಯಿಂದ.

ಆಮೇಲೆ ಲಿಟ್ಮಸ್ ಬದಲಿಗೆ ಪುನರ್ಪುಳಿ (ಕೋಕಂ) ರಸ ಹಿಡಿದೆ. ಎಂಥ ಚಂದದ ಕೆಂಪು! ಅಡುಗೆ ಸೋಡಾ ಹಾಕಿದರೆ ಬುಸ್ ಎಂದು ನೊರೆ ಬಂತು, ಬಣ್ಣ ಅಲ್ಲಾಡಲಿಲ್ಲ. ಸಿಪ್ಪೆಯ ಹುಳಿಯೇ ಸೋಡಾವನ್ನು ತಿಂದುಬಿಡ್ತದೆ. ಉಳಿದದ್ದಕ್ಕೆ ಸಕ್ಕರೆ ಹಾಕಿ ಹುಡುಗರಿಗೆ ಕುಡಿಸಿದೆ.

ಕೊನೆಗೆ ನಿಂತದ್ದು ಕ್ರಾಫರ್ಡ್ ಮಾರ್ಕೆಟಿನ ನೇರಳೆ ಕೋಸು. ಒಂದು ಗಡ್ಡೆ 60ರ ಆಸುಪಾಸು, 4 ತರಗತಿಗೆ ಸಾಕು. ಅದರ ರಸ ವಿನೆಗರಿಗೆ ಗುಲಾಬಿ, ಉಪ್ಪಿಗೆ ನೇರಳೆ, ಬಟ್ಟೆ ಸೋಡಾಕ್ಕೆ ಹಸಿರು. ಪಟಿಕ ಹಾಕಿದೆವು, ಅದು ಲವಣ, ಆದರೂ ಆಮ್ಲದ ಹಾಗೆ ಗುಲಾಬಿ. ಸಹೋದ್ಯೋಗಿ ನಕ್ಕಿದ್ದು ಆವಾಗಲೇ. ಲವಣ ಅಂದರೆ ತಟಸ್ಥ ಅಂತ ಬಾಯಿಪಾಠ ಮಾಡಿಸಿದವನೂ ನಾನೇ ಅಲ್ವಾ!

ಸರಿ, ಚಮಚದಲ್ಲಿಟ್ಟು ಕಾಯಿಸಿದೆವು. ವಿನೆಗರ್ ಆರಿ ಹೋಯ್ತು, ಲಿಂಬುಹುಳಿ (ಸಿಟ್ರಿಕ್ ಆಮ್ಲ) ಕಪ್ಪಾಯ್ತು, ಪಟಿಕ ಕರಗಿ ಬೆಳ್ಳಗೆ ಉಬ್ಬಿ ಕೂತಿತು. ಲವಣ ಮಾತ್ರ ಬೆಳ್ಳಗೆ ಉಳಿಯುತ್ತದೆ, ಗೆದ್ದೆವು ಅಂದುಕೊಂಡೆ. ಆದರೆ ನವಸಾಗರ (ಅಮೋನಿಯಂ ಕ್ಲೋರೈಡ್, ಅದೂ ಲವಣ) ಬಿಳಿ ಹೊಗೆಯಾಗಿ ಪೂರಾ ಮಾಯ! ರಸದಲ್ಲಿ ತುಸು ಗುಲಾಬಿ, ಚಮಚ ಖಾಲಿ. ಹುಡುಗರು "ಆಮ್ಲ ಸರ್" ಅಂದರು. ನನಗೂ ಉತ್ತರ ಇರಲಿಲ್ಲ.

ಪಾನ್ ಅಂಗಡಿಯಲ್ಲಿ ಎಲೆಗೆ ಸುಣ್ಣ ಹಚ್ಚುವಾಗ ಹೊಳೆಯಿತು. ಸ್ಟೀಲ್ ತಟ್ಟೆಯಲ್ಲಿ ಚಿಟಿಕೆ ನವಸಾಗರ, ಮೇಲೆ ಹಸಿ ಸುಣ್ಣ, ಬೆಂಕಿಕಡ್ಡಿಯಿಂದ ತಿಕ್ಕಿದೆ. ಮೂಗಿಗೆ ಅಮೋನಿಯಾ ಬಡಿದು ಮುಂದಿನ ಬೆಂಚು ಎದ್ದೇ ಹೋಯ್ತು. ವಿನೆಗರ್, ಲಿಂಬುಹುಳಿಯಿಂದ ಇದು ಬರೋದಿಲ್ಲ, ಹಾಗಾಗಿ ಇದು ಲವಣವೇ! ಈಗ ಸುಣ್ಣವನ್ನು ನೀರಿನಲ್ಲಿ ಕಲಕಿ ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿ ತೆಗೆದಿಡುತ್ತೇವೆ. ವಿನೆಗರ್, ಲಿಂಬುಹುಳಿಗೆ ಹಾಕಿದರೆ ತಿಳಿಯಾಗಿಯೇ ಇರುತ್ತದೆ. ಪಟಿಕದ ನೀರಿನಲ್ಲಿ ಹತ್ತಿಯಂಥ ಬಿಳಿ ಗಸಿ. ಮೈಲುತುತ್ತಿಗೆ (ತಾಮ್ರದ ಸಲ್ಫೇಟ್) ಹಾಕಿದಾಗ ನೀಲಿ ಗಸಿ ಕಂಡು ಪುತ್ತೂರಿನ ಹುಡುಗನೊಬ್ಬ ಕಿರುಚಿದ: "ಸರ್, ಇದು ಅಡಿಕೆಗೆ ಹೊಡೆಯೋ ಬೋರ್ಡೋ ಅಲ್ವಾ!" ಹೌದು, ಕೊಳೆರೋಗಕ್ಕೆ ಅವನ ಅಪ್ಪ ಡ್ರಮ್ಮಿನಲ್ಲಿ ಕಲಸುವುದು ಇದನ್ನೇ.

ಹಸಿರು ಬಂದ ಪೊಟ್ಟಣಕ್ಕೆ ಸುಣ್ಣ ಬೇಡ. ನಿಂಬೆರಸ ಹಿಂಡಿ, ನೊರೆ ಬಂದರೆ ಸೋಡಾ, ಅಂದರೆ ಲವಣವೇ.

ಒಟ್ಟು ಖರ್ಚು 2 ವರ್ಷಕ್ಕೆ 1,500 ದಾಟಿರಬಹುದು. ಸುಣ್ಣಕ್ಕೆ 5 ರೂಪಾಯಿ.

ತಪ್ಪಿದ ಆ ಒಂದು ಪೊಟ್ಟಣ ಅಜಿನೊಮೊಟೊ, ಅದೂ ಲವಣವೇ. ರಸ ನೇರಳೆಯಾಗಿಯೇ ಉಳಿಯಿತು, ಚಮಚದಲ್ಲಿ ಕಪ್ಪಾಯಿತು, ಹುಡುಗ ಸಕ್ಕರೆ ಅಂದುಬಿಟ್ಟ. ಅವನು ಕೆಲಸ ಮಾಡುವುದು ಹೋಟೆಲಿನ ಚೈನೀಸ್ ಕೌಂಟರಿನಲ್ಲಿ.