ಹುಡುಗಿಯರ ಕೈಗೂ ಸೋಲ್ಡರಿಂಗ್ ಐರನ್: ವಿಜ್ಞಾನ ಪ್ರದರ್ಶನಕ್ಕೆ ತಂಡ ಕಟ್ಟುವ ನನ್ನ ಕ್ರಮ

ಪ್ರದರ್ಶನದ ಪಟ್ಟಿಯಲ್ಲಿ ಹುಡುಗಿಯರ ಹೆಸರಿಗೆ ಬರವಿಲ್ಲ. ಮಾದರಿಯ ಮುಂದೆ ನಿಂತಾಗಲೇ ವ್ಯತ್ಯಾಸ ಗೊತ್ತಾಗುವುದು. ಹುಡುಗ ಹುಡುಗಿ ಕೂಡಿದ ತಂಡವಾದರೆ ವೈರು, ಬ್ಯಾಟರಿ ಅವನ ಪಾಲು. ಚಾರ್ಟ್ ಬರೆಯುವುದು, ವಿವರಣೆ ಬಾಯಿಪಾಠ ಮಾಡುವುದು ಅವಳ ಪಾಲು. ಮಾರ್ಗದರ್ಶಿ ಶಿಕ್ಷಕಿಯಾಗಿ ನಾನು ಮೊದಲು ಮುರಿಯುವುದು ಈ ಹಂಚಿಕೆಯನ್ನು.

"ಯಾರು ಸೇರ್ತೀರಿ, ಕೈ ಎತ್ತಿ" ಎಂದರೆ ಪ್ರತಿ ವರ್ಷ ಅವೇ ಕೈಗಳು ಮೇಲೇಳುತ್ತವೆ. ಅದಕ್ಕೇ ಇಡೀ ತರಗತಿಯಿಂದ ಅರ್ಧ ಪುಟದ ಐಡಿಯಾ ಬರೆಸಿ, ಹೆಸರಿನ ಜಾಗದಲ್ಲಿ ನಂಬರ್ ಹಾಕಿಸಿ ಓದುತ್ತೇನೆ. ಶಾಲಾ ಮಕ್ಕಳ ಹೊಸ ಐಡಿಯಾಗಳಿಗೆ ಹಣ ಕೊಡುವ ಕೇಂದ್ರ ಸರ್ಕಾರದ ಯೋಜನೆ ಇನ್‌ಸ್ಪೈರ್ ಅವಾರ್ಡ್ ಮಾನಕ್‌ಗೆ ಐಡಿಯಾ ಆರಿಸುವುದೂ ಹೀಗೇ. ಅಲ್ಲಿ ಆಯ್ಕೆಯಾದರೆ 10,000 ರೂಪಾಯಿ ಮಗುವಿನ ಖಾತೆಗೇ ಜಮಾ ಆಗುತ್ತದೆ. ಆಧಾರ್, ಪಾಸ್‌ಬುಕ್, ಶಾಲಾ ದಾಖಲೆಗಳಲ್ಲಿ ಹೆಸರು ಒಂದೇ ಇರುವಂತೆ ಮೊದಲೇ ನೋಡಿಕೊಳ್ಳಿ.

ಐಡಿಯಾ ಯಾವುದೇ ಇರಲಿ, ಎಲ್ಲರೂ ಮೊದಲು ನೀರಿನ ಮಟ್ಟದ ಅಲಾರಂ, ಅಂದರೆ ನೀರು ತಂತಿಗಳನ್ನು ಮುಟ್ಟಿದರೆ ಕೂಗುವ ಸರ್ಕ್ಯೂಟ್, ಮಾಡಬೇಕು. BC547 ಟ್ರಾನ್ಸಿಸ್ಟರ್, 1 ಕಿಲೋಓಮ್ ರೆಸಿಸ್ಟರ್, 9 ವೋಲ್ಟ್ ಬ್ಯಾಟರಿ, ಬಜರ್, ಎರಡು ತಂತಿ. ಇಬ್ಬರಿಗೆ ಒಂದು 25 ವ್ಯಾಟ್ ಸೋಲ್ಡರಿಂಗ್ ಐರನ್ (ಬೆಸುಗೆಯ ಸೀಸ ಕರಗಿಸಿ ತಂತಿ ಜೋಡಿಸುವ ಬಿಸಿ ಉಪಕರಣ). 40 ನಿಮಿಷದ ಪೀರಿಯಡ್‌ನಲ್ಲಿ 20ಕ್ಕೆ ಕೈ ಬದಲು. ಐರನ್ ಬಿಟ್ಟವರು ಲಾಗ್‌ಬುಕ್ ಹಿಡಿಯಬೇಕು. ತುದಿಯನ್ನು ಜಾಯಿಂಟ್‌ಗೆ ಎರಡು ಮೂರು ಸೆಕೆಂಡ್ ಒತ್ತಿ, ಆಮೇಲೆ ಸೀಸ ತಾಗಿಸಬೇಕು. ಸೀಸವನ್ನು ಐರನ್ ಮೇಲೇ ಕರಗಿಸಿ ಸುರಿದರೆ ಗುಂಡಗೆ ನಿಲ್ಲುತ್ತದೆ, ಹಿಡಿಯುವುದಿಲ್ಲ. ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಮ್ಮ ಕಡೆಗಿದ್ದರೆ ಅದರ ಮೂರು ಕಾಲುಗಳು ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ತಿರುಗಿಸಿ ಹಾಕಿದರೆ ಬಜರ್ ಸರಿಯಾಗಿ ಕೂಗದು. ಇಲ್ಲಿ ಎಚ್ಚರ ಬೇಕು: ಹುಡುಗಿಯ ಸರ್ಕ್ಯೂಟ್ ಕೆಲಸ ಮಾಡದಿದ್ದರೆ ಪಕ್ಕದವನು ಕಿತ್ತುಕೊಂಡು ಸರಿಮಾಡಲು ಬರುತ್ತಾನೆ, ಎಷ್ಟೋ ಸಲ ಶಿಕ್ಷಕರೇ ಮಾಡಿಕೊಡುತ್ತೇವೆ. ಮುಟ್ಟಬಾರದು. ಅವಳ ಕೈಗೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಕೊಟ್ಟು, ಬ್ಯಾಟರಿಯಿಂದ ಒಂದೊಂದೇ ಜಾಯಿಂಟ್ ಅಳೆಯುತ್ತಾ ಬರಲು ಹೇಳಿ. ತಪ್ಪು ಹುಡುಕಿ ತಾನೇ ಸರಿಪಡಿಸಿದವಳು ಆಮೇಲೆ ಐರನ್ ಬಿಟ್ಟುಕೊಡುವುದಿಲ್ಲ.

ಸಂಜೆ ಅಭ್ಯಾಸ ಇಟ್ಟರೆ ಬಸ್ಸು, ಮನೆಗೆಲಸ ಎಂದು ಹುಡುಗಿಯರೇ ಮೊದಲು ಬಿಟ್ಟುಹೋಗುತ್ತಾರೆ. ಶಾಲಾ ವೇಳೆಯಲ್ಲೇ, ಇಲ್ಲವೇ ಶನಿವಾರ ಬೆಳಗಿನ ತರಗತಿ ಮುಗಿದ ಕೂಡಲೇ ಮುಗಿಸಿ. ಜಿಲ್ಲಾ ಮಟ್ಟಕ್ಕೆ ಹೊರಡುವಾಗ ಜೊತೆಗೆ ಯಾವ ಮೇಡಂ ಬರುತ್ತಾರೆ, ವಾಪಸ್ ಎಷ್ಟು ಗಂಟೆಗೆ ಎಂಬುದನ್ನು ಒಪ್ಪಿಗೆ ಪತ್ರದಲ್ಲೇ ಬರೆಯಿರಿ. ಅಷ್ಟು ಖಚಿತವಾಗಿದ್ದರೆ ಬಹಳ ಮನೆಗಳಲ್ಲಿ ಬೇಡ ಅನ್ನುವುದಿಲ್ಲ.

ತೀರ್ಪುಗಾರರು ಸರ್ಕ್ಯೂಟ್ ಪ್ರಶ್ನೆಯನ್ನು ಹುಡುಗನ ಕಡೆ ತಿರುಗಿ ಕೇಳುವುದುಂಟು. ಹಾಗಾಗಿ ಆ ಭಾಗ ಯಾರದ್ದೋ ಅವರೇ ಉತ್ತರಿಸಬೇಕೆಂದು ತಂಡದಲ್ಲಿ ಮೊದಲೇ ಕಟ್ಟುಮಾಡಿ, ಲಾಗ್‌ಬುಕ್‌ನಲ್ಲಿ ಪ್ರತಿ ಕೆಲಸದ ಎದುರು ಮಾಡಿದವರ ಸಹಿ ಹಾಕಿಸಿರುತ್ತೇನೆ.