ಗಲ್ಲಾ ತಾಳೆಯಾಗುತ್ತಿಲ್ಲವೇ? ಹೊಸ ಕ್ಯಾಷಿಯರ್‌ಗೆ ಮೊದಲ ವಾರದ ಪಾಠ

ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಕೌಂಟರಿಗೆ ಸೇರಿದವರು ಸ್ಕ್ಯಾನ್ ಮಾಡುವುದನ್ನು ಅರ್ಧ ದಿನದಲ್ಲಿ ಕಲಿಯುತ್ತಾರೆ. ಕಣ್ಣೀರು ತರಿಸುವುದು ರಾತ್ರಿಯ ಕ್ಯಾಶ್ ಟ್ಯಾಲಿ. ₹340 ಕಡಿಮೆ ಬಂದರೆ ಸ್ವಂತ ಜೇಬಿನಿಂದ ಹಾಕಿ ಮುಚ್ಚಿಬಿಡುವವರೇ ಹೆಚ್ಚು. ತಪ್ಪು ಎಲ್ಲಾಯಿತೆಂದು ತಿಳಿಯದೆ ಹಾಕಿದ ದುಡ್ಡು ದಂಡ, ತಪ್ಪು ನಾಳೆಯೂ ಆಗುತ್ತದೆ.

ಹಂತ 1: ಓಪನಿಂಗ್ ಕ್ಯಾಶ್, ಅಂದರೆ ಕೆಲಸ ಶುರುವಾಗುವಾಗ ಡ್ರಾಯರಿನಲ್ಲಿ ಕೊಡುವ ಹಣ, ಎಣಿಸದೆ ಸಹಿ ಹಾಕಬೇಡಿ. ಸೂಪರ್‌ವೈಸರ್ ಎಷ್ಟೇ ಅವಸರ ಮಾಡಲಿ, ಅವರೆದುರೇ ಎಣಿಸಿ.

ಹಂತ 2: ಗಿರಾಕಿ ಕೊಟ್ಟ ನೋಟನ್ನು ಚಿಲ್ಲರೆ ಕೊಡುವ ತನಕ ಡ್ರಾಯರಿನ ಮೇಲೆಯೇ ಇಡಿ. ‘ಐನೂರು ಕೊಟ್ಟಿದ್ದೀರಿ ಸರ್’ ಎಂದು ಬಾಯಿಬಿಟ್ಟು ಹೇಳಿ. ₹500ರ ನೋಟನ್ನು ಓರೆ ಮಾಡಿ ನೋಡಿ, ಭದ್ರತಾ ದಾರ ಹಸಿರಿನಿಂದ ನೀಲಿಗೆ ತಿರುಗಬೇಕು. ನೇರಳೆ ದೀಪದ ಅಗ್ಗದ ಪೆಟ್ಟಿಗೆಗಳನ್ನೇ ನೆಚ್ಚಬೇಡಿ. ಪ್ಯಾಂಟಿನ ಜೇಬಿನಲ್ಲಿ ಒಗೆದುಹೋದ ಅಸಲಿ ನೋಟೂ ಸೋಪಿನ ಪುಡಿಯಿಂದಾಗಿ ಅದರಡಿ ಹೊಳೆಯುತ್ತದೆ. ₹10ರ ನಾಣ್ಯ ಎಲ್ಲ ವಿನ್ಯಾಸದಲ್ಲೂ ಚಲಾವಣೆಯಲ್ಲಿದೆ, ತೆಗೆದುಕೊಳ್ಳಿ. ಚಿಲ್ಲರೆ ಬದಲು ಚಾಕೊಲೇಟ್ ಕೊಡುವ ಚಾಳಿ ಬೇಡವೇ ಬೇಡ: ಚಾಕೊಲೇಟಿಗೆ ಬಿಲ್ ಇಲ್ಲದ ಕಾರಣ ಸ್ಟಾಕೂ ಕೆಡುತ್ತದೆ, ಕ್ಯಾಶೂ ಕೆಡುತ್ತದೆ.

ಹಂತ 3: ಯುಪಿಐ ಆದರೆ ಗಿರಾಕಿಯ ಮೊಬೈಲಿನ ಹಸಿರು ಟಿಕ್ ನೋಡಿ ಬಿಡಬೇಡಿ. ಅಂಗಡಿಯ ಸೌಂಡ್‌ಬಾಕ್ಸ್ ಮೊತ್ತ ಕೂಗಬೇಕು.

ಹಂತ 4, ಅಸಲಿ ಕೆಲಸ. ಓಪನಿಂಗ್ ಕ್ಯಾಶಿಗೆ ನಗದು ಮಾರಾಟ ಕೂಡಿಸಿ. ಗಿರಾಕಿ ಮರಳಿಸಿದ ಸಾಮಾನಿಗೆ ವಾಪಸ್ ಕೊಟ್ಟದ್ದನ್ನೂ ನಡುವೆ ಆಫೀಸಿಗೆ ಒಪ್ಪಿಸಿದ್ದನ್ನೂ ಕಳೆಯಿರಿ. ಉದಾಹರಣೆಗೆ, ₹2,000 + ₹38,460 − ₹250 − ₹30,000 = ₹10,210. ಡ್ರಾಯರಿನಲ್ಲಿ ಇಷ್ಟಿರಬೇಕು. ಕಂಪ್ಯೂಟರ್ ತೋರಿಸುವ ಮೊತ್ತವನ್ನು ಮೊದಲೇ ನೋಡಬೇಡಿ. ನೋಡಿದರೆ ಕೈ ಆ ಮೊತ್ತಕ್ಕೇ ಎಣಿಸುತ್ತದೆ. ನಾಣ್ಯ ಮೊದಲು, ಆಮೇಲೆ ನೋಟು, ಪ್ರತಿ ಮುಖಬೆಲೆಗೆ ಒಂದು ಸಾಲು.

ಎಣಿಸಿದ್ದು ₹9,870. ಅಂದರೆ ₹340 ಕೊರತೆ. ಮೊತ್ತವೇ ಸುಳಿವು ಕೊಡುತ್ತದೆ. ಸರಿಯಾಗಿ ₹340ರ ಬಿಲ್ ಇದೆಯೇ ಹುಡುಕಿ: ಇದ್ದರೆ, ಬಹುಪಾಲು ಯುಪಿಐ ಬಿಲ್ಲಿಗೆ ‘ಕ್ಯಾಶ್’ ಒತ್ತಿರುತ್ತೀರಿ, ಯುಪಿಐ ಲೆಕ್ಕದಲ್ಲಿ ಅಷ್ಟೇ ಹೆಚ್ಚಿರುತ್ತದೆ. ಇಲ್ಲವೇ? ಅರ್ಧ ಮಾಡಿ, ₹170 ಹುಡುಕಿ. ಕೊಟ್ಟ ಹಣವನ್ನು ಬಂದ ಹಣವೆಂದು ಒತ್ತಿದರೆ ವ್ಯತ್ಯಾಸ ದುಪ್ಪಟ್ಟಾಗುತ್ತದೆ. ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ಅದಲುಬದಲಾಗಿರಬಹುದು, 540 ಬರೆಯುವಲ್ಲಿ 450. ₹400 ಕಡಿಮೆಯಾದರೆ ಚಿಲ್ಲರೆಯಲ್ಲಿ ನೂರರ ಬದಲು ಐನೂರು ಕೊಟ್ಟಿರಬಹುದು. ₹10,000ದಷ್ಟು ದೊಡ್ಡ ಕೊರತೆಯಾದರೆ ಗಾಬರಿಯಾಗುವ ಮುನ್ನ ಆಫೀಸಿಗೆ ಒಪ್ಪಿಸಿದ ಚೀಟಿಗಳನ್ನು ನೋಡಿ. ಯಾವುದೋ ಒಂದು ಚೀಟಿ ಲೆಕ್ಕಕ್ಕೆ ಸೇರಿರುವುದಿಲ್ಲ. ಸಹಿ ಇಲ್ಲದ ಚೀಟಿಗೆ ಹಣ ಒಪ್ಪಿಸಲೇಬೇಡಿ.

ಹೆಚ್ಚು ಬಂದರೂ ಬರೆದಿಡಿ. ‘ನಾಳೆಯ ಕೊರತೆಗೆ ಆಗುತ್ತದೆ’ ಎಂದು ಎತ್ತಿಟ್ಟರೆ ಸಿಕ್ಕಿಬಿದ್ದ ದಿನ ಅದಕ್ಕೆ ಕಳ್ಳತನವೆಂದೇ ಹೆಸರು.

ಹುಡುಕಿಯೂ ಸಿಗದಿದ್ದರೆ ಟ್ಯಾಲಿ ಶೀಟಿನಲ್ಲಿ ಕೊರತೆಯನ್ನು ಇದ್ದಂತೆಯೇ ತೋರಿಸಿ. ಸಂಬಳದಲ್ಲಿ ಹಿಡಿಯಬೇಕಾದರೆ ನಷ್ಟ ನಿಮ್ಮ ನಿರ್ಲಕ್ಷ್ಯದಿಂದ ಆಗಿರಬೇಕು, ನಿಮ್ಮ ವಿವರಣೆಯನ್ನೂ ಮೊದಲು ಕೇಳಬೇಕು. ಕಾನೂನು ಇರುವುದು ಹಾಗೆ. ಕೌಂಟರಿನಲ್ಲಿ ಮೊಬೈಲಿಗೆ ಅವಕಾಶವಿಲ್ಲದಿದ್ದರೆ ಆ ದಿನದ ಓಪನಿಂಗ್, ಕ್ಲೋಸಿಂಗ್ ಮೊತ್ತವನ್ನು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೇ ಮನೆಗೆ ಹೊರಡಿ.