ಹುಬ್ಬಳ್ಳಿಯಲ್ಲಿ ಕುಳಿತು ಗೇಮ್ ಬಜೆಟ್ ಬರೆಯುವುದು: ಆಳು-ತಿಂಗಳಿನಿಂದ ಮಾರಾಟದ ಲೆಕ್ಕದವರೆಗೆ

ದೊಡ್ಡ ಗೇಮ್‌ಗಳ ಖರ್ಚಿನ ಬಗ್ಗೆ ಕಂಪನಿಗಳು ತಾವಾಗಿ ಬಾಯಿ ಬಿಡುವುದು ಅಪರೂಪ. ಗೊತ್ತಾಗಿರುವುದರಲ್ಲಿ ಹೆಚ್ಚಿನದು ಕೋರ್ಟು-ಕಚೇರಿಗಳ ಕಾಗದಪತ್ರದಿಂದ. 2023ರಲ್ಲಿ ಅಮೆರಿಕದ ವ್ಯಾಪಾರ ನಿಯಂತ್ರಣ ಸಂಸ್ಥೆ ಎಫ್‌ಟಿಸಿ ಮತ್ತು ಮೈಕ್ರೋಸಾಫ್ಟ್ ಮೊಕದ್ದಮೆಗೆ ಸೋನಿ ಕೊಟ್ಟ ದಾಖಲೆಗಳಲ್ಲಿ ಅಂಕಿಗಳ ಮೇಲೆ ಬಳಿದ ಮಸಿ ಸರಿಯಾಗಿ ಮುಚ್ಚಿರಲಿಲ್ಲ. ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ಕ್ಕೆ ಸುಮಾರು 22 ಕೋಟಿ ಡಾಲರ್, ‘ಹೊರೈಜನ್ ಫರ್ಬಿಡನ್ ವೆಸ್ಟ್’ಗೆ 21.2 ಕೋಟಿ ಡಾಲರ್ ಎಂಬುದು ಹಾಗೆ ಹೊರಬಿತ್ತು. ಇಂಥ ಅಂಕಿ ನೋಡಿ ಬೆರಗಾಗುವುದಕ್ಕಿಂತ ಅದನ್ನು ಒಡೆದು ನೋಡುವುದು ಲಾಭ.

ಮೊದಲನೆಯದಕ್ಕೆ ಕೆಲಸ ಜೋರಾಗಿದ್ದಾಗ ಸುಮಾರು 200 ಜನ, ಒಟ್ಟು 70 ತಿಂಗಳು. ಗುಣಿಸಿದರೆ 14,000 ಆಳು-ತಿಂಗಳು. 22 ಕೋಟಿಯನ್ನು ಅದರಿಂದ ಭಾಗಿಸಿ: ಒಬ್ಬರಿಗೆ ತಿಂಗಳಿಗೆ ಸುಮಾರು 15,700 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೆ 13 ಲಕ್ಷದ ಮೇಲೆ. 70 ತಿಂಗಳೂ 200 ಜನ ಇರಲಿಲ್ಲವಾದ್ದರಿಂದ ನಿಜವಾದ ಆಳು-ತಿಂಗಳು ಕಡಿಮೆ, ತಲಾ ಖರ್ಚು ಇನ್ನೂ ಹೆಚ್ಚು. ನಟರು, ಅವರ ಚಲನೆ ದಾಖಲಿಸುವ ಮೋಷನ್ ಕ್ಯಾಪ್ಚರ್, ಹೊರಗೆ ಕೊಟ್ಟ ಕೆಲಸ ಎಲ್ಲ ಇದರೊಳಗೇ ಕೂಡಿಕೊಂಡಿರುತ್ತವೆ. ಒಟ್ಟಿನಲ್ಲಿ ದೊಡ್ಡ ಗೇಮ್ ತುಟ್ಟಿಯಾಗುವುದು ಯಂತ್ರದಿಂದಲ್ಲ, ಎಂಜಿನ್‌ನಿಂದಲೂ (ಗೇಮ್ ಕಟ್ಟುವ ಮೂಲ ಸಾಫ್ಟ್‌ವೇರ್) ಅಲ್ಲ; ಜನ ಮತ್ತು ತಿಂಗಳಿನಿಂದ. ಹುಬ್ಬಳ್ಳಿಯ ಆರು ಜನರ ಸ್ಟುಡಿಯೊಕ್ಕೂ ಇದೇ ಸೂತ್ರ. ಬದಲಾಗುವುದು ಅಂಕಿ ಮಾತ್ರ.

ತಲಾ ತಿಂಗಳ ಖರ್ಚು

ಪಗಾರವನ್ನೇ ಖರ್ಚು ಅಂದುಕೊಳ್ಳುವುದು ಎಲ್ಲರೂ ಎಡವುವ ಮೊದಲ ಜಾಗ. ಒಂದು ಮಾದರಿ ಹಿಡಿಯೋಣ. ಆರು ಜನ, ಸರಾಸರಿ ಪಗಾರ 40,000, ತಿಂಗಳಿಗೆ 2,40,000. ಬಾಡಿಗೆ 20,000. ಕರೆಂಟು, ಯುಪಿಎಸ್, ಎರಡು ಬೇರೆ ಕಂಪನಿಗಳ ಇಂಟರ್‌ನೆಟ್ ಸೇರಿ 15,000. ಸಾಫ್ಟ್‌ವೇರ್ ಚಂದಾ ಮತ್ತು ಕ್ಲೌಡ್ 12,000. ಆಡಿಟರ್ 8,000. ಚಹಾ, ಓಡಾಟ 5,000. ಒಟ್ಟು 3 ಲಕ್ಷ, ಅಂದರೆ ಒಂದು ಆಳು-ತಿಂಗಳಿಗೆ 50,000. ಮಾಲೀಕರು ಪಗಾರ ತೆಗೆದುಕೊಳ್ಳದಿದ್ದರೂ ಅವರ ಹೆಸರಿನಲ್ಲಿ ಅಂಕಿ ಬರೆಯಲೇಬೇಕು. ಇಲ್ಲದಿದ್ದರೆ ಗೇಮ್ ಅಗ್ಗ ಎಂದು ಬಜೆಟ್ ಶೀಟು ಸುಳ್ಳು ಹೇಳುತ್ತದೆ, ಎರಡನೇ ಗೇಮ್‌ಗೆ ಅದೇ ಸುಳ್ಳನ್ನು ನಂಬಿ ಕೂರುತ್ತೀರಿ. ತಂಡ 20 ಜನಕ್ಕೆ ಮುಟ್ಟಿದರೆ ಪಿಎಫ್ ಕಡ್ಡಾಯ. ಆಗ ತಲಾ ಖರ್ಚನ್ನು ಹೊಸದಾಗಿ ತೆಗೆಯಿರಿ.

18 ತಿಂಗಳ ಕೆಲಸ ಎಂದರೆ 108 ಆಳು-ತಿಂಗಳು, 54 ಲಕ್ಷ. ಆದರೆ ಆ 18 ಬಂದದ್ದು ಎಲ್ಲಿಂದ? ಬಹಳಷ್ಟು ಶೀಟುಗಳಲ್ಲಿ ಅದು ಬರೀ ಆಸೆ.

ತಿಂಗಳನ್ನು ಎಣಿಸುವುದು

ಗೇಮ್‌ನಲ್ಲಿ ಬರುವ ಪ್ರತಿಯೊಂದು ವಸ್ತುವನ್ನೂ ಪಟ್ಟಿ ಮಾಡಿ: ಪಾತ್ರ, ಶತ್ರು, ಲೆವೆಲ್, ಮೆನು, ಸದ್ದು, ಸಂಭಾಷಣೆಯ ಸಾಲು. ಪ್ರತಿಯೊಂದರ ಮುಂದೆ ದಿನ ಬರೆಯಿರಿ. ಸಾಧಾರಣ ಮಟ್ಟದ ಒಬ್ಬ 3ಡಿ ಶತ್ರುವಿಗೆ ಹೀಗೆ ಹಿಡಿಯಬಹುದು: ಕಾನ್ಸೆಪ್ಟ್ 3 ದಿನ, ಮಾಡೆಲ್ 7, ಟೆಕ್ಸ್ಚರ್ (ಮೈಮೇಲಿನ ಬಣ್ಣ) 4, ರಿಗ್ (ಅಲುಗಾಡಿಸಲು ಒಳಗೆ ಹಾಕುವ ಅಸ್ಥಿಪಂಜರ) 2, ಅನಿಮೇಷನ್ 10, ಎಂಜಿನ್‌ಗೆ ಕೂಡಿಸಿ ಪರೀಕ್ಷೆ ಮಾಡಲು 4. ಒಟ್ಟು 30 ದಿನ.

ಈ 30 ದಿನ ಒಂದು ತಿಂಗಳಲ್ಲ. ಭಾನುವಾರ, ಎರಡನೇ-ನಾಲ್ಕನೇ ಶನಿವಾರ ಕಳೆದರೆ ತಿಂಗಳಿಗೆ 24 ದಿನ ಉಳಿಯುತ್ತದೆ. ಹಬ್ಬ, ರಜೆ ಕಳೆದರೆ 21. ಮೀಟಿಂಗು, ಕೆಟ್ಟ ಬಿಲ್ಡು (ಸರಿಯಾಗಿ ಓಡದ ಗೇಮ್ ಪ್ರತಿ), ಮಾಡಿದ್ದನ್ನೇ ಮತ್ತೆ ಮಾಡುವುದು ಕಳೆದರೆ ಕೈಗೆ ಸಿಗುವುದು 16. ಗಣೇಶನ ಹನ್ನೊಂದು ದಿನ ಮತ್ತು ರಂಗಪಂಚಮಿಯ ವಾರದಲ್ಲಿ ಯಾವ ಮೈಲಿಗಲ್ಲನ್ನೂ ಇಡಬೇಡಿ. ಹುಬ್ಬಳ್ಳಿಯಲ್ಲಿ ಅದು ಈಡೇರುವ ಮಾತಲ್ಲ. 30ನ್ನು 16ರಿಂದ ಭಾಗಿಸಿದರೆ ಒಬ್ಬ ಶತ್ರುವಿಗೆ ಸುಮಾರು 1.9 ಆಳು-ತಿಂಗಳು, ರೊಕ್ಕದಲ್ಲಿ 94,000. ಹನ್ನೆರಡು ಶತ್ರುಗಳಿದ್ದರೆ ಹನ್ನೊಂದೂಕಾಲು ಲಕ್ಷ. ಎಂಟಕ್ಕೆ ಇಳಿಸಿದರೆ ಮೂರೂಮುಕ್ಕಾಲು ಲಕ್ಷ ಉಳಿಯಿತು. ಮೂವರು ಶತ್ರುಗಳಿಗೆ ಒಂದೇ ಅಸ್ಥಿಪಂಜರ ಹಾಕಿದರೆ ಇಬ್ಬರ ರಿಗ್ಗಿನ ಕೆಲಸ ತಪ್ಪುತ್ತದೆ, ಅನಿಮೇಷನ್ನೂ ಬಹಳಷ್ಟು ಉಳಿಯುತ್ತದೆ. ಗೇಮ್ ಡಿಸೈನರ್‌ಗೆ ಈ ಪಟ್ಟಿಯನ್ನು ಬೆಲೆ ಸಮೇತ ತೋರಿಸಿ. ‘ಇನ್ನೊಂದು ಲೆವೆಲ್ ಸೇರಿಸೋಣ’ ಎಂಬ ಮಾತು ತಾನಾಗಿ ಕಡಿಮೆಯಾಗುತ್ತದೆ.

ಈ ದಿನಗಳು ಮೊದಲ ಸಲ ಊಹೆಯೇ. ಅದಕ್ಕೇ ಪೂರ್ತಿ ಗೇಮ್‌ಗೆ ಕೈ ಹಾಕುವ ಮೊದಲು ಹತ್ತು ನಿಮಿಷದ ಆಟವನ್ನು ಬಿಡುಗಡೆಯ ಗುಣಮಟ್ಟದಲ್ಲೇ ಮಾಡಿ ಮುಗಿಸಬೇಕು. ಇದಕ್ಕೆ ವರ್ಟಿಕಲ್ ಸ್ಲೈಸ್ ಎನ್ನುತ್ತಾರೆ. ಅದಕ್ಕೆ ಹಿಡಿದ ದಿನಗಳನ್ನು ನೋಡಿಕೊಂಡು ಪಟ್ಟಿಯನ್ನು ತಿದ್ದಿ. ಪಟ್ಟಿಯಲ್ಲಿ ಏಳು ದಿನ ಬರೆದ ಮಾಡೆಲ್‌ಗೆ ಹನ್ನೊಂದು ದಿನ ಹಿಡಿದರೆ ಉಳಿದ ಎಲ್ಲ ಮಾಡೆಲ್‌ಗಳಿಗೂ ಹನ್ನೊಂದೇ. ಮುಂದೆ ಕೈ ಚುರುಕಾಗುತ್ತದೆ ಎಂಬ ಸಮಾಧಾನ ಬೇಡ. ಚುರುಕಾಗುವುದು ನಿಜವಾದರೂ ಆ ಉಳಿತಾಯವನ್ನು ಬಗ್‌ಗಳು ತಿಂದುಹಾಕುತ್ತವೆ.

ತಡವಾಗುವುದಕ್ಕೆ ಮೀಸಲು ಇಡುವಾಗ ಶೇಕಡಾವಾರು ಇಡುವುದಕ್ಕಿಂತ ತಿಂಗಳಲ್ಲಿ ಇಡುವುದು ಸರಿ. 18ಕ್ಕೆ 4 ತಿಂಗಳು, ಅಂದರೆ 12 ಲಕ್ಷ. ತಡವಾದ ಕೆಲಸಕ್ಕೆ ಕೊನೆಯಲ್ಲಿ ಜನ ಸೇರಿಸಿದರೆ ಸಾಮಾನ್ಯವಾಗಿ ಇನ್ನೂ ತಡ: ಹೊಸಬರಿಗೆ ಕಲಿಸುವವರು ಅದೇ ಹಳಬರು.

ಒಂದೇ ಸಲದ ಖರ್ಚು

ಆರು ಕಂಪ್ಯೂಟರು, ಪರೀಕ್ಷೆಗೆ ಒಂದೆರಡು ಹಳೆಯ ಪಿಸಿ ಸೇರಿ 6 ಲಕ್ಷ. ಗ್ರಾಹಕರ ಬಳಿ ಇರುವುದು ಹಳೆಯ ಪಿಸಿಯೇ, ಆದ್ದರಿಂದ ಅದನ್ನು ಬಿಡಬೇಡಿ. ಎಂಜಿನ್‌ಗೆ ಆರಂಭದಲ್ಲಿ ರೊಕ್ಕ ಬೇಕಿಲ್ಲ: ಗೊಡೋ ಪೂರ್ತಿ ಉಚಿತ, ಅನ್‌ರಿಯಲ್ ಒಂದು ಗೇಮ್‌ನ ಗಳಿಕೆ 10 ಲಕ್ಷ ಡಾಲರ್ ದಾಟಿದ ಮೇಲೆ ಶೇ. 5 ಕೇಳುತ್ತದೆ; ಯೂನಿಟಿ ಪರ್ಸನಲ್ ವರ್ಷಕ್ಕೆ 2 ಲಕ್ಷ ಡಾಲರ್ ಆದಾಯ ಅಥವಾ ಬಂಡವಾಳದವರೆಗೆ ಉಚಿತ. ಯೂನಿಟಿ 2023ರಲ್ಲಿ ಇನ್‌ಸ್ಟಾಲ್ ಲೆಕ್ಕದ ಶುಲ್ಕ ಸಾರಿ 2024ರಲ್ಲಿ ಹಿಂತೆಗೆದುಕೊಂಡಿತು. ಹಾಗಾಗಿ ನೀವು ಒಪ್ಪಿದ ಷರತ್ತಿನ ಪ್ರತಿಯನ್ನು ತಾರೀಖಿನ ಸಮೇತ ಇಟ್ಟುಕೊಳ್ಳಿ. ಫೈಲುಗಳ ಹಳೆ-ಹೊಸ ಆವೃತ್ತಿ ಕಾಯ್ದಿಡಲು ಪರ್‌ಫೋರ್ಸ್ ಸಾಫ್ಟ್‌ವೇರ್ ಬಳಸುವುದಾದರೆ ಐದು ಜನರವರೆಗೆ ಉಚಿತ. ಆರನೆಯವರು ಬಂದ ದಿನ ಲೈಸೆನ್ಸ್ ಬೇಕು.

ಸಂಗೀತ, ಧ್ವನಿಗೆ 6 ಲಕ್ಷ ಇಟ್ಟುಕೊಳ್ಳಿ. ಧಾರವಾಡದಲ್ಲಿ ಸಿತಾರ್, ತಬಲಾ, ಹಾಡುಗಾರಿಕೆಗೆ ಬರವಿಲ್ಲ. ಎಲ್ಲೋ ಸಿಗುವ ಲೈಬ್ರರಿ ಟ್ರ್ಯಾಕಿಗಿಂತ ಇಲ್ಲಿನ ಕಲಾವಿದರ ಅರ್ಧ ದಿನದ ರೆಕಾರ್ಡಿಂಗ್ ಗೇಮ್‌ಗೆ ಹೆಚ್ಚು ಕಳೆ ತರುತ್ತದೆ. ಆದರೆ ಕರಾರು ಬಾಯಿಮಾತಲ್ಲಿ ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿದ್ದು ಸಹಿ ಆಗಿರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಜಗತ್ತಿಗೆಲ್ಲ ಮಾರುವ ಗೇಮ್‌ಗೆ ಈ ಎರಡು ಖಾಲಿ ಜಾಗ ಸಾಕು ಕೊರಳಿಗೆ ಸುತ್ತಿಕೊಳ್ಳಲು.

ಪ್ರಚಾರ

ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರದ 2023ರ ವರದಿಯಲ್ಲಿ ಹೆಸರು ಹೇಳದ ಒಬ್ಬ ಪಬ್ಲಿಷರ್ (ಗೇಮ್ ಹೊರತಂದು ಮಾರುವ ಕಂಪನಿ) ತನ್ನ ದೊಡ್ಡ ಸರಣಿಯೊಂದರ ತಯಾರಿಕೆಗೆ 66 ಕೋಟಿ ಡಾಲರ್, ಪ್ರಚಾರಕ್ಕೆ ಸುಮಾರು 55 ಕೋಟಿ ಡಾಲರ್ ಎಂದಿದ್ದಾನೆ. ತಯಾರಿಕೆಯ ಹತ್ತಿರ ಹತ್ತಿರ ಪ್ರಚಾರ. ಬಿಡುಗಡೆಯ ವಾರದಲ್ಲೇ ದುಡಿದುಕೊಳ್ಳಬೇಕಾದ ಗೇಮ್‌ಗೆ ಅದು ಬೇಕು. ಸಣ್ಣ ತಂಡ ಆ ಪ್ರಮಾಣವನ್ನು ನಕಲು ಮಾಡಿದರೆ ಜಾಹೀರಾತಿಗೆ ಹೋದ ರೊಕ್ಕ ನೀರಲ್ಲಿ ಹೋಮ.

ನಮ್ಮ ಮಾದರಿಯಲ್ಲಿ ಪ್ರಚಾರಕ್ಕೆ 15 ಲಕ್ಷ: ಎರಡು ಟ್ರೇಲರ್ 3 ಲಕ್ಷ, ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿನ ಪುಟದ ಮುಖಚಿತ್ರ 60,000, ಬೇರೆ ಭಾಷೆಗಳಿಗೆ ಅನುವಾದ 4 ಲಕ್ಷ, ಆಟಗಾರರ ಜೊತೆ ಮಾತಾಡುವ ಒಬ್ಬರಿಗೆ ಆರು ತಿಂಗಳು ಅರ್ಧ ದಿನದ ಕೆಲಸ 2.4 ಲಕ್ಷ, ಒಂದು ಸಮ್ಮೇಳನಕ್ಕೆ ಹೋಗಿಬರಲು 1 ಲಕ್ಷ, ಜಾಹೀರಾತು ಪರೀಕ್ಷೆಗೆ 2 ಲಕ್ಷ, ಬಿಡುಗಡೆಯ ವಾರಕ್ಕೆ ಮೀಸಲು 2 ಲಕ್ಷ. ಮುಖಚಿತ್ರದಲ್ಲಿ ಜಿಪುಣತನ ಬೇಡ. ಆಟಗಾರ ಮೊದಲು ನೋಡುವುದು, ಹಲವು ಸಲ ಕೊನೆಗೆ ನೋಡುವುದೂ, ಅದೇ. ಅದರ ಮೇಲೆ ಪ್ರಶಸ್ತಿ ಲಾಂಛನ, ವಿಮರ್ಶೆಯ ಸಾಲು ಹಾಕಲು 2022ರಿಂದ ಸ್ಟೀಮ್ ಬಿಡುವುದಿಲ್ಲ. ಟ್ರೇಲರ್‌ನ ಮೊದಲ ಐದು ಸೆಕೆಂಡಿನಲ್ಲಿ ಆಟ ಕಾಣಬೇಕು. ಸ್ಟುಡಿಯೊ ಲೋಗೊ ಕೊನೆಗಿರಲಿ.

ಸ್ಟೀಮ್‌ಗೆ ಗೇಮ್ ಒಂದಕ್ಕೆ 100 ಡಾಲರ್ ಶುಲ್ಕ. 1,000 ಡಾಲರ್ ಮಾರಾಟವಾದ ಮೇಲೆ ಅದು ವಾಪಸು. ಕಟ್ಟಿದ 30 ದಿನದೊಳಗೆ ಬಿಡುಗಡೆ ಮಾಡಲಾಗದು, ‘ಬರಲಿದೆ’ ಪುಟ ಕನಿಷ್ಠ ಎರಡು ವಾರ ಇರಬೇಕು. ಇದು ಕನಿಷ್ಠದ ಮಾತು. ಆರು ತಿಂಗಳಿಗಿಂತ ಕಡಿಮೆ ಇಟ್ಟರೆ ವಿಷ್‌ಲಿಸ್ಟ್ (ಮುಂದೆ ಕೊಳ್ಳಬೇಕೆಂದು ಗುರುತು ಹಾಕಿದವರ ಪಟ್ಟಿ) ಬೆಳೆಯುವುದಿಲ್ಲ. ಬಿಡುಗಡೆಯ ದಿನ ಆ ಪಟ್ಟಿಯಲ್ಲಿದ್ದವರಿಗೆ ಸ್ಟೀಮ್ ತಾನೇ ಮೇಲ್ ಕಳಿಸುತ್ತದೆ, ಬಿಡಿಗಾಸು ಇಲ್ಲದ ಪ್ರಚಾರ. ಬರಲಿರುವ ಗೇಮ್‌ಗಳ ಡೆಮೊ ತೋರಿಸುವ ಸ್ಟೀಮ್‌ನ ನೆಕ್ಸ್ಟ್ ಫೆಸ್ಟ್‌ಗೆ ಒಂದು ಗೇಮ್‌ಗೆ ಒಂದೇ ಅವಕಾಶ. ಅರೆಬೆಂದ ಡೆಮೊ ಹಿಡಿದು ಮೊದಲು ಸಿಕ್ಕ ಫೆಸ್ಟ್‌ಗೆ ನುಗ್ಗುವುದು ಸಾಮಾನ್ಯ ತಪ್ಪು. ಬಿಡುಗಡೆಗೆ ಹತ್ತಿರದ್ದನ್ನು ಆರಿಸಿ.

ಎಷ್ಟು ಪ್ರತಿ ಮಾರಬೇಕು

ಈಗ ಕೂಡಿಸಿ: ತಯಾರಿಕೆ 54, ಯಂತ್ರ 6, ಸಂಗೀತ-ಧ್ವನಿ 6, ತಡದ ಮೀಸಲು 12, ಪ್ರಚಾರ 15, ಬಿಡುಗಡೆಯ ನಂತರ ಮೂರು ತಿಂಗಳ ಪ್ಯಾಚ್ (ದೋಷ ತಿದ್ದುವ) ಕೆಲಸ 9, ಎಲ್ಲ ಲಕ್ಷದಲ್ಲಿ. ಒಟ್ಟು 1 ಕೋಟಿ 2 ಲಕ್ಷ. ಕೊನೆಯ ಸಾಲನ್ನು ಮರೆಯುವವರೇ ಹೆಚ್ಚು. ‘ಕಾಲ್ ಆಫ್ ಡ್ಯೂಟಿ: ಬ್ಲ್ಯಾಕ್ ಆಪ್ಸ್ ಕೋಲ್ಡ್ ವಾರ್’ಗೆ 70 ಕೋಟಿ ಡಾಲರ್ ಎಂದು ಆಕ್ಟಿವಿಷನ್ ಕೋರ್ಟಿಗೆ ಹೇಳಿದ್ದು ಬಿಡುಗಡೆಯ ನಂತರದ ಖರ್ಚನ್ನೂ ಹಿಡಿದೇ.

ಪುಟದಲ್ಲಿ ಬೆಲೆ 9.99 ಡಾಲರ್. ಭಾರತದಂಥ ದೇಶಗಳ ಕಡಿಮೆ ದರ, ರಿಯಾಯಿತಿ ಎಲ್ಲ ಸೇರಿ ಸರಾಸರಿ 6 ಡಾಲರ್ ಹಿಡಿಯಿರಿ. ಬೆಲೆಯೊಳಗಿನ ತೆರಿಗೆ ಮತ್ತು ರೀಫಂಡ್‌ಗೆ ಶೇ. 20 ಕಳೆದರೆ 4.80. 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದವರು ದುಡ್ಡು ವಾಪಸು ಪಡೆಯಬಹುದು; ಒಂದೂವರೆ ಗಂಟೆಯಲ್ಲಿ ಮುಗಿಯುವ ಗೇಮ್ ಮಾಡುವವರು ಇದನ್ನು ಎರಡು ಸಲ ಓದಿಕೊಳ್ಳಲಿ. ಸ್ಟೀಮ್ ಪಾಲು ಶೇ. 30 ಹೋದರೆ 3.36. ಒಂದು ಕೋಟಿ ಡಾಲರ್ ದಾಟಿದ ಮೇಲೆ ಅದು ಶೇ. 25 ಆಗುತ್ತದೆ, ಸದ್ಯಕ್ಕೆ ಆ ಚಿಂತೆ ಬೇಡ. ಅಮೆರಿಕದ ಮಾರಾಟದ ಪಾಲಿಗೆ ಅಲ್ಲಿನ ತೆರಿಗೆ ಕಡಿತವಿದೆ. ತೆರಿಗೆ ಫಾರ್ಮಿನಲ್ಲಿ ಪ್ಯಾನ್ ಬರೆದು ಭಾರತ-ಅಮೆರಿಕ ಒಪ್ಪಂದದ ಲಾಭ ಕೇಳಿದರೆ ಶೇ. 15, ಕೇಳದಿದ್ದರೆ ಶೇ. 30. ಮೂರನೇ ಒಂದು ಪಾಲು ಅಮೆರಿಕದ್ದು ಎಂದುಕೊಂಡರೆ ಉಳಿಯುವುದು 3.20 ಡಾಲರ್, 272 ರೂಪಾಯಿ.

1 ಕೋಟಿ 2 ಲಕ್ಷ ಭಾಗಿಸು 272: ಅಸಲು ಹುಟ್ಟಲು 37,500 ಪ್ರತಿ. ಸ್ವಂತ ರೊಕ್ಕ ಹಾಕಿ, ಪಬ್ಲಿಷರ್‌ಗೂ ಶೇ. 40 ಕೊಟ್ಟರೆ 62,500ರ ಆಸುಪಾಸು. ಮೀಸಲೂ ಮುಗಿದು ಇನ್ನೂ ಮೂರು ತಿಂಗಳು ತಡವಾದರೆ 3,300 ಪ್ರತಿ ಹೆಚ್ಚು ಮಾರಬೇಕು. 2024ರಲ್ಲಿ ಸ್ಟೀಮ್‌ಗೆ ಬಂದ ಹೊಸ ಗೇಮ್‌ಗಳು 18,000ಕ್ಕೂ ಹೆಚ್ಚು ಎಂಬುದನ್ನು ಈ ಅಂಕಿಯ ಪಕ್ಕದಲ್ಲಿಟ್ಟು ನೋಡಿ. ಎದೆ ಝಲ್ಲೆಂದರೆ ಶತ್ರುಗಳ ಪಟ್ಟಿಗೆ ಹೋಗಿ ಕತ್ತರಿ ಆಡಿಸಬೇಕು, ಮಾರಾಟದ ಊಹೆಯನ್ನು ಏರಿಸಬಾರದು.

ರೊಕ್ಕ ಬರುವ ತಾರೀಖು

ಶೀಟು ಸರಿಯಿದ್ದರೂ ಸ್ಟುಡಿಯೊ ಮುಚ್ಚುವುದು ತಾರೀಖಿನಿಂದ. ಮಾರ್ಚ್ ಮಾರಾಟದ ರೊಕ್ಕವನ್ನು ಸ್ಟೀಮ್ ಕೊಡುವುದು ಏಪ್ರಿಲ್ ಕೊನೆಗೆ. ಹಾಗಾಗಿ ಬಿಡುಗಡೆಯ ದಿನ ಬ್ಯಾಂಕಿನಲ್ಲಿ ಕನಿಷ್ಠ ಎರಡು ತಿಂಗಳ ಪಗಾರ ಇರಬೇಕು. ವಿದೇಶಿ ಸಾಫ್ಟ್‌ವೇರ್, ವಿದೇಶಿ ಫ್ರೀಲಾನ್ಸರ್ ಬಿಲ್ಲಿಗೆ ರಿವರ್ಸ್ ಚಾರ್ಜ್‌ನಲ್ಲಿ ಶೇ. 18 ಜಿಎಸ್‌ಟಿ ಮೊದಲು ನೀವೇ ಕಟ್ಟಬೇಕು, ಕ್ರೆಡಿಟ್ ಆಮೇಲೆ. ರಫ್ತಿಗೆ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿದರೆ ಜಿಎಸ್‌ಟಿ ಕಟ್ಟದೆ ಬಿಲ್ ಮಾಡಬಹುದು. ಪ್ರತಿ ಹಣಕಾಸು ವರ್ಷಕ್ಕೂ ಅದನ್ನು ಹೊಸದಾಗಿ ಸಲ್ಲಿಸಬೇಕು.

ಅನಿಮೇಷನ್, ಗೇಮಿಂಗ್‌ನಂಥ ಉದ್ಯಮಗಳಿಗಾಗಿ ಇರುವ ಕರ್ನಾಟಕದ ಎವಿಜಿಸಿ-ಎಕ್ಸ್‌ಆರ್ ನೀತಿ 2024ರಿಂದ 2029ರವರೆಗಿನದು. ನವೋದ್ಯಮಗಳಿಗಾಗಿ ಇರುವ ರಾಜ್ಯದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೆ ಅನುದಾನವಿದೆ. ಅರ್ಜಿ ಹಾಕಿ, ಆದರೆ ಅದು ಬರುವ ತಿಂಗಳನ್ನು ನಂಬಿ ಯಾರ ಪಗಾರವನ್ನೂ ಗೊತ್ತು ಮಾಡಬೇಡಿ. ಬ್ಯಾಂಕಿನಲ್ಲಿ ‘ಗೇಮ್’ ಅಂದೊಡನೆ ಎದುರಿನವರ ತಲೆಗೆ ಬರುವುದು ರಮ್ಮಿ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಆದ್ದರಿಂದ ಅರ್ಜಿಯ ಮೊದಲ ಪುಟದಲ್ಲೇ ಬರೆಯಿರಿ: ಇದು ಒಂದು ಸಲ ಬೆಲೆ ಕೊಟ್ಟು ಕೊಂಡು ಆಡುವ ಆಟ, ಇದರಲ್ಲಿ ಪಣ ಇಲ್ಲ, ಗೆದ್ದ ಹಣ ಹಿಂಪಡೆಯುವ ವ್ಯವಸ್ಥೆ ಇಲ್ಲ. ಅದರ ಹಿಂದೆ ಆಳು-ತಿಂಗಳ ಶೀಟು ಮತ್ತು ವರ್ಟಿಕಲ್ ಸ್ಲೈಸ್‌ನ ವಿಡಿಯೊ ಇರುವ ಪೆನ್‌ಡ್ರೈವ್ ಲಗತ್ತಿಸಿ.